ಬೆಲ್ಲ ಬಿಟ್ಟವರ ಮನೆ ಬಾಗಿಲು

ಸಖುಬಾಯಿಯವರು ಬೆಲ್ಲ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟಿರುವ ನೀಲೇಶನ ತಾಯಿ ಬೆಲ್ಲ ತಿನ್ನುವುದಿಲ್ಲ ಎಂದರೆ ಪೇಟೆಯವರು ಮೊದಲ ಸಲಕ್ಕೆ ನಂಬುತ್ತಿರಲಿಲ್ಲ. ಸಕ್ಕರೆ ಕಾಯಿಲೆಯೇನೋ ಎಂದು ಕನಿಕರ ಪಡುತ್ತಿದ್ದರು. ಕಾಯಿಲೆಯಲ್ಲ, ವ್ರತ, ವ್ರತದ ಜೊತೆಗೆ ಒಂದಿಷ್ಟು ಹಟವೂ ಕೂಡಿತ್ತು. ಮುನಿಮಹಾರಾಜರೊಬ್ಬರು ತಮ್ಮ ಮನೆಗೆ ಬಂದು ಒಂದು ಸಲವಾದರೂ ಆಹಾರ ಸ್ವೀಕರಿಸುವವರೆಗೆ ಬೆಲ್ಲ ಬಾಯಿಗೆ ಹಾಕುವುದಿಲ್ಲ ಎಂದು ಬಸದಿಯಲ್ಲಿ ಎಲ್ಲರೆದುರು ಕೈಮುಗಿದು ನಿಯಮ ತೆಗೆದುಕೊಂಡಿದ್ದರು.

ದಿಗಂಬರ ಮುನಿಗಳನ್ನು ಊಟಕ್ಕೆ ಕರೆಯುವುದೆಂದರೆ ಬೀಗರನ್ನು ಕರೆದಂತಲ್ಲ. ದಿನಕ್ಕೆ ಒಂದೇ ಸಲ ಉಣ್ಣುವವರು, ಇಂಥವರ ಮನೆಗೆ ಬರುತ್ತೇವೆಂದು ಹೇಳುವವರಲ್ಲ. ಬೆಳಗ್ಗೆ ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡಿರುತ್ತಾರೆ. ಅದು ಕಂಡ ಮನೆಯಲ್ಲಿ ಮಾತ್ರ ಊಟ, ಕಾಣದಿದ್ದರೆ ಉಪವಾಸ. ಆ ಗುರುತು ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಓಣಿಯ ಮನೆಗಳವರೆಲ್ಲ ಮಡಿಯಲ್ಲಿ ಅಡುಗೆ ಮಾಡಿ, ಮಡಿ ಬಟ್ಟೆಯುಟ್ಟು, ಕಲಶ ಹಿಡಿದು ತಮ್ಮ ತಮ್ಮ ಬಾಗಿಲ ಮುಂದೆ ನಿಂತು ಕರೆಯುತ್ತಾರೆ. ಸಖುಬಾಯಿಯವರ ಮನೆ ಓಣಿಯ ಕಟ್ಟಕಡೆಯದು. ಓಣಿಯ ಬಾಯಿಯಲ್ಲೇ ತ್ರಿಶಲಾಬಾಯಿಯ ಮನೆ. ಬಂದ ಮಹಾರಾಜರೆಲ್ಲ ಅಲ್ಲಿಗೋ, ಅದರ ಪಕ್ಕಕ್ಕೋ ತಿರುಗಿಬಿಡುತ್ತಿದ್ದರು. ಸಖುಬಾಯಿಯವರ ಪಾಲಿಗೆ ಪ್ರತಿ ಸಲವೂ ಅವರ ಬೆನ್ನಷ್ಟೇ ಕಾಣುತ್ತಿತ್ತು.

ಬೆಲ್ಲದ ಮಾತು ಅದಾಯಿತು. ಈಗ ಚಾವಿಯ ಮಾತು.

ಮನೆಯಲ್ಲಿ ಇದ್ದವರು ಐದು ಜನ, ಮುಂಬಾಗಿಲಿಗೆ ಇದ್ದದ್ದು ಮೂರು ಚಾವಿ. ಒಂದು ಸಖುಬಾಯಿಯವರ ಸೊಂಟದಲ್ಲಿ, ಒಂದು ನೀಲೇಶನ ಬಳಿ, ಒಂದು ಸೊಸೆ ಹರ್ಷದಾಳ ಚೀಲದಲ್ಲಿ. ಹರ್ಷದಾ ಮಿರಜದ ಒಂದು ದವಾಖಾನೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಸಖುಬಾಯಿಯವರ ಯಜಮಾನರು ತವನಪ್ಪನವರಿಗೆ ಚಾವಿ ಕೊಡುವ ಪದ್ಧತಿ ಇರಲಿಲ್ಲ. ಕೊಟ್ಟದ್ದನ್ನೆಲ್ಲ ಅವರು ಸಮಡೋಳಿಯ ಹೊಲದಲ್ಲಿ ಬಿತ್ತಿ ಬಂದಿದ್ದರು. ಕಾಲೇಜಿಗೆ ಹೋಗುವ ಮೊಮ್ಮಗಳು ಸಾಯಲಿಗೆ ಚಾವಿಯೇ ಬೇಕಿರಲಿಲ್ಲ. ಅವಳು ಬಾಗಿಲು ಹಾರುಹೊಡೆದೇ ಬಿಟ್ಟು ಹೋಗುತ್ತಿದ್ದಳು.

ಬೇಸಿಗೆಯ ಕೊನೆಯಲ್ಲಿ ಒಂದು ದಿನ ಎಲ್ಲವೂ ಒಟ್ಟಿಗೆ ಕೆಟ್ಟಿತು. ಬೇಗ ಬರುತ್ತೇನೆಂದು ತವನಪ್ಪನವರು ಹೆಂಡತಿಯ ಚಾವಿ ಇಸಿದುಕೊಂಡು ಸಮಡೋಳಿಗೆ ಹೋದರು, ಅಲ್ಲಿ ಬಾವಿಯ ಮೋಟರು ಸುಟ್ಟು ಕೂತಿತ್ತು. ನೀಲೇಶ ಕೊಲ್ಹಾಪುರಕ್ಕೆ ಹೋಗಿದ್ದ. ಹರ್ಷದಾ ಕೆಲಸ ಮುಗಿಸಿ ಹೊರಡುವಾಗ ಅಥಣಿಯಿಂದ ಬಂದ ರೋಗಿಯ ಮನೆಯವರು ಅವಳ ಕೈ ಹಿಡಿದುಕೊಂಡರು. ಡಾಕ್ಟರರ ಮರಾಠಿ ಅವರಿಗೆ ತಿಳಿಯದು, ಅವರ ಕನ್ನಡ ಡಾಕ್ಟರರಿಗೆ ತಿಳಿಯದು, ಎರಡೂ ಬಲ್ಲವಳು ಅವಳೊಬ್ಬಳೇ. ಇತ್ತ ಸಖುಬಾಯಿಯವರು ಬಸದಿಯಿಂದ ಬಂದು ನೋಡಿದರೆ ಬಾಗಿಲು ಹಾಕಿದೆ. ಒಳಗೆ ರೊಟ್ಟಿ, ಹೆಸರುಕಾಳಿನ ಪಲ್ಯ ಮುಚ್ಚಿಟ್ಟಿದೆ. ಸೂರ್ಯ ಮುಳುಗಿದರೆ ಅವರು ಹನಿ ನೀರು ಕುಡಿಯುವವರಲ್ಲ.

ತ್ರಿಶಲಾಬಾಯಿ ಓಣಿಯ ಆ ತುದಿಯಿಂದಲೇ ಕೂಗಿದರು, "ಸಖೂಬಾಯಿ, ಹೊತ್ತ ಮುಳಗಾಕ ಬಂತು. ನಮ್ಮಲ್ಲೇ ಎರಡ ತುತ್ತ ಉಣ್ಣ ಬರ್ರಿ."

"ನಂದ ಊಟ ಆಗೇತ್ರಿ" ಎಂದರು ಸಖುಬಾಯಿಯವರು, ಖಾಲಿ ಹೊಟ್ಟೆಯಲ್ಲಿ ಮೆಟ್ಟಿಲ ಮೇಲೆ ಕೂತು. ಸುಳ್ಳು ಹೇಳಿದ ಪಾಪಕ್ಕೂ ಆ ರಾತ್ರಿಯ ಉಪವಾಸ ಸಂದಾಯವಾಯಿತು ಎಂದು ಆಮೇಲೆ ಅವರೇ ಲೆಕ್ಕ ಹಾಕಿಕೊಂಡರು. ಸೂರ್ಯ ತ್ರಿಶಲಾಬಾಯಿಯ ನೀರಿನ ಟಾಕಿಯ ಹಿಂದೆ ಇಳಿದುಹೋದ. ಹರ್ಷದಾ ಆಟೋದಿಂದ ಇಳಿದದ್ದು ಆಮೇಲೆ.

"ಬಂದೇನು ತಾಯಿ? ಮಿರಜದ ಮಂದಿಗೆ ರಕ್ತಾ ಬಸದ ಬಂದಿ. ಇನ್ನ ನಮ್ಮದೂ ತಗಿ."

"ಅತ್ತಿ, ನಿಮ್ಮ ಚಾವಿ ಎಲ್ಲೈತ್ರಿ?"

"ನಿಮ್ಮ ಮಾಂವಾರ ಧೋತರದಾಗ ಐತಿ. ಧೋತರ ಸಮಡೋಳ್ಯಾಗ ಐತಿ."

"ಹಂಗಾರ ನನಗ್ಯಾಕ ಬೈತೀರಿ?"

"ಅವ್ರಿನ್ನ ಬಂದಿಲ್ಲಲಾ. ನೀ ಬಂದಿ."

ಮನೆಯ ಹಿರಿಯರು ಹಸಿದು ಕೂತಾಗ ಉಳಿದವರು ಉಣ್ಣುವುದು ಹೇಗೆ? ಉಂಡರು, ಆದರೆ ತಾಟಿನ ಸಪ್ಪಳವಾಗದಂತೆ ಉಂಡರು. ತಡವಾಗಿ ಬಂದ ತವನಪ್ಪನವರು ಮೋಟರಿನ ಕಥೆ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ಕೊನೆಗೆ ನೀಲೇಶ ಕೈತೊಳೆದು ಬಂದು ಘೋಷಿಸಿದ, "ಚಾವೀನ ಬ್ಯಾಡ. ಬೆರಳ ಒತ್ತಿದ್ರ ತೆರಿಯೂ ಕೀಲಿ ಬಂದಾವ. ಅದನ್ನ ಹಚ್ಚೂಣು. ಯಾರದೂ ತಕರಾರ ಇರೂದಿಲ್ಲ."

ತಕರಾರು ಮರುದಿನದಿಂದಲೇ ಶುರುವಾಯಿತು.

ಭಾನುವಾರ ಅವಲಕ್ಕಿ ತಿನ್ನುತ್ತ ಸಾಯಲಿ ಮೊಬೈಲಿನಲ್ಲಿ ಒಂದೊಂದೇ ಕೀಲಿ ತೋರಿಸಿದಳು. ಅವಳಿಗೆ ಮನೆಯ ಕನ್ನಡ ಪೂರಾ ತಿಳಿಯುತ್ತಿತ್ತು, ಆಡುವಾಗ ಮಾತ್ರ ಅರ್ಧಕ್ಕೆ ಮರಾಠಿ ಬಂದು ಕೂಡುತ್ತಿತ್ತು. "ಹೇ ಬಘಾ ಆಜಿ, ಇದು ಬೆರಳಿಂದ. ಇದು ನಂಬರದಿಂದ. ಇದು ನಿನ್ನ ಚೆಹರಾ ನೋಡಿ ತೆಗೀತದ."

"ಸೆರಗ ಹೊತಗೊಂಡ ಬಂದ್ರ ಗುರ್ತ ಹಿಡೀತೈತೇನು?"

"ಸೆರಗು ತೆಗೀಬೇಕು."

"ಬಾಗಲದ ಮುಂದ ಸೆರಗ ತಗದ ನಿಂದ್ರೂದೇನು? ಮುಂದಿಂದ ತೋರಸ."

"ಗುದ್ದಿದ್ರ ತೆರಿಯೂದು ಐತೇನ್ ನೋಡವಾ" ಎಂದರು ತವನಪ್ಪನವರು. ಅವರ ಬೆರಳುಗಳು ಹೊಲದ ಕೆಲಸದಲ್ಲಿ ಸವೆದು ರೇಖೆಗಳೇ ಉಳಿದಿರಲಿಲ್ಲ. ರೇಶನ್ ಅಂಗಡಿಯ ಯಂತ್ರವೂ ಅವರನ್ನು ತವನಪ್ಪನೆಂದು ಒಪ್ಪುತ್ತಿರಲಿಲ್ಲ.

ಹರ್ಷದಾಳಿಗೆ ಬೇಕಿದ್ದದ್ದು ಒಂದೇ: ಎಳೆದ ಕೂಡಲೇ ತಾನಾಗಿಯೇ ಬೀಳುವ ಕೀಲಿ, ಮಗಳು ಬಾಗಿಲು ತೆರೆದಿಟ್ಟು ಹೋಗುವ ಕಾಟ ತಪ್ಪಬೇಕು. ನೀಲೇಶನಿಗೆ ಬೇರೆಯೇ ಆಸೆ. ಯಾರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು ಎಂದು ಮಾಲಕನ ಫೋನಿಗೆ ಸುದ್ದಿ ಕಳಿಸುವ ಕೀಲಿಯನ್ನು ಅವನು ಆರಿಸಿಟ್ಟಿದ್ದ.

"ನಾ ಎಷ್ಟೊತ್ತಿಗೆ ಬಂದೆ ಅಂತ ನಿಮಗ ಅಂಗಡಿಯೊಳಗ ಗೊತ್ತಾಗಬೇಕೇನ್ರಿ?" ಹರ್ಷದಾ ಚಮಚ ಕೆಳಗಿಟ್ಟಳು.

"ನಿಂದಂತಲ್ಲ, ಎಲ್ಲಾರದೂ ಬರ್ತೈತಿ."

"ಮತ್ತ ನೀವು ಅಂಗಡೀಂದ ಯಾವಾಗ ಹೊಂಟ್ರಿ, ಎಲ್ಲಿ ಕುಂತ ಚಾ ಕುಡದ್ರಿ, ಅದೂ ನನ್ನ ಫೋನಿಗೆ ಬರೂ ಹಂಗ ಒಂದ ಕೀಲಿ ಹುಡಕ್ರಿ."

ಸೊಸೆಯ ಪರವಾಗಿ ಎಂದೂ ಮಾತಾಡದ ಸಖುಬಾಯಿಯವರು ಅಂದು ಮಾತಾಡಿದರು. "ಹೌದ ಬಿಡೋ. ಮನಿ ಅಂದ್ರ ಮನಿ, ಬಂದ ಹೋದವರನ್ನ ಬರಕೊಳ್ಳೂ ಆಕ್ಟ್ರಾಯ್ ನಾಕಾ ಅಲ್ಲ." ಹರ್ಷದಾ ಅತ್ತೆಯ ತಾಟಿಗೆ ಕೇಳದೆಯೇ ಇನ್ನೊಂದಿಷ್ಟು ಅವಲಕ್ಕಿ ಹಾಕಿದಳು. ಸುದ್ದಿ ಕಳಿಸುವ ಕೀಲಿ ಅಲ್ಲಿಗೆ ರದ್ದಾಯಿತು.

ಕೊನೆಗೆ ಬೆರಳು, ನಂಬರು ಎರಡರಿಂದಲೂ ತೆರೆಯುವ, ತಾನಾಗಿಯೇ ಬೀಳುವ, ಹಿಂದಿಯಲ್ಲಿ ಮಾತಾಡುವ ಕೀಲಿಯೊಂದು ಮನೆಗೆ ಬಂತು. ಹದಿನೆಂಟು ಸಾವಿರ ಎಂದು ಕೇಳಿ ತವನಪ್ಪನವರು ಅಷ್ಟೇ ದುಡ್ಡಿಗೆ ಕೊಂಡಿದ್ದ ಒಂದು ಆಕಳ ಹೆಸರು ಹೇಳಿದರು. ಹಚ್ಚಲು ಬಂದವನು ತವನಪ್ಪನವರದೊಂದು ಬಿಟ್ಟು ಉಳಿದವರ ಬೆರಳನ್ನು ಯಂತ್ರಕ್ಕೆ ತೋರಿಸಿ, ಸಖುಬಾಯಿಯವರ ಮುಂದೆ ನಿಂತ.

"ನಂದ ಬ್ಯಾಡ" ಎಂದರು ಅವರು.

"ಯಾಕವಾ?" ಎಂದ ನೀಲೇಶ.

"ನಾ ಸೇರ ಒದ್ದ ಬಂದಾಕಿ ಈ ಮನಿಗೆ. ಬೆರಳ ಒತ್ತಿ ಬರೂದಿಲ್ಲ."

"ಹಂಗಾರ ನಂಬರಾದ್ರೂ ನೆನಪಿಟ್ಕೋ. ಇಪ್ಪತ್ನಾಕ, ಇಪ್ಪತ್ನಾಕ, ಇಪ್ಪತ್ನಾಕ."

ತೀರ್ಥಂಕರರ ಸಂಖ್ಯೆಯನ್ನು ಹೀಗೆ ಗುಂಡಿ ಒತ್ತಲು ಬಳಸುವುದೂ ಅವರಿಗೆ ಸರಿಬರಲಿಲ್ಲ. "ನಿಮ್ಮ ಕೀಲಿ ನಿಮಗ. ನಾ ಹೆಂಗ ಬರಬೇಕಂತ ನನಗ ಗೊತ್ತೈತಿ." ಹಳೆಯ ಚಾವಿಯನ್ನು ಸೊಂಟದಿಂದ ಬಿಚ್ಚಿ ಮಗನ ಕೈಗೆ ಹಾಕಿ ಒಳಗೆ ಹೋದರು. ಆ ಚಾವಿ ಅಲ್ಲಿ ಮೂವತ್ತು ವರ್ಷ ಇತ್ತು.

ಹೊಸ ಕೀಲಿ ಒಂದು ವಾರ ಎಲ್ಲರನ್ನೂ ಕುಣಿಸಿತು. ಸ್ನಾನ ಮಾಡಿ ಟವೆಲ್ ಸುತ್ತಿಕೊಂಡು ಪೇಪರ್ ಎತ್ತಿಕೊಳ್ಳಲು ಹೊರಗೆ ಕಾಲಿಟ್ಟ ನೀಲೇಶನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ನೀರಲ್ಲಿ ನೆನೆದು ಮುದುಡಿದ ಬೆರಳನ್ನು ಕೀಲಿ ಗುರುತಿಸಲಿಲ್ಲ, ಗಾಬರಿಯಲ್ಲಿ ನಂಬರನ್ನೂ ತಪ್ಪಾಗಿ ಒತ್ತಿದ. ಮತ್ತೊಮ್ಮೆ ಪ್ರಯತ್ನಿಸಿ ಎಂದು ಹೆಣ್ಣು ದನಿಯಲ್ಲಿ ಹಿಂದಿಯೊಳಗೆ ವಿನಂತಿಸಿತು. ತ್ರಿಶಲಾಬಾಯಿ ಹೂ ಕೀಳುವುದನ್ನು ಬಿಟ್ಟು ನೋಡುತ್ತ ನಿಂತರು. ಅಂದೇ ಹರ್ಷದಾ ಅಂಗಡಿಯಿಂದ ಬಂದಿದ್ದ ಹಳೆಯ, ಕಪ್ಪಿಟ್ಟ ಬೆಲ್ಲದ ಪೆಂಟೆಯೊಂದನ್ನು ಬಾಗಿಲಿಗೆ ಅಡ್ಡ ಇಟ್ಟಳು. ಹತ್ತು ಕಿಲೋ ಪೆಂಟೆ, ಬಾಗಿಲು ಅಲುಗುತ್ತಿರಲಿಲ್ಲ. ಯಾರಾದರೂ ಹೊರಗೆ ನಿಲ್ಲುವುದಿದ್ದರೆ ಪೆಂಟೆ ಅಡ್ಡ, ಇಲ್ಲದಿದ್ದರೆ ಮೂಲೆಗೆ.

ಇತ್ತ ತವನಪ್ಪನವರಿಗೆ ಕಿವಿ ಮಂದ. ನಂಬರು ಒತ್ತುವಾಗ ತಮಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿಕೊಂಡೇ ಒತ್ತುತ್ತಿದ್ದರು. ಇಪ್ಪತ್ನಾಕು ಮೂರು ಸಲ ಎಂದು ಓಣಿಯ ಮಕ್ಕಳೆಲ್ಲ ಆಟಕ್ಕೆ ಹಾಡಿಕೊಳ್ಳತೊಡಗಿದರು.

ಸಖುಬಾಯಿಯವರು ಹೇಗೆ ಒಳಗೆ ಬರುತ್ತಿದ್ದರೆಂಬುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಬಸದಿಗೆ ಹೋಗುತ್ತಿದ್ದರು, ಬರುತ್ತಿದ್ದರು. ಹರ್ಷದಾ ಮಿರಜದಿಂದ ಬಂದು ಬಾಗಿಲು ತೆರೆದರೆ ಅತ್ತೆ ಒಳಗೆ ಕೂತು ಅಕ್ಕಿ ಆರಿಸುತ್ತಿದ್ದರು.

"ನಂಬರ ಕಲತ್ರೇನ್ರಿ, ಅತ್ತಿ?"

"ಹೂಂ, ಕಲತೆ" ಎನ್ನುತ್ತಿದ್ದರು, ಅಕ್ಕಿಯಿಂದ ತಲೆ ಎತ್ತದೆ.

ಆಷಾಢದಲ್ಲಿ ಚಾತುರ್ಮಾಸಕ್ಕೆಂದು ಮುನಿಸಂಘ ಓಣಿಯ ಹತ್ತಿರದ ಬಸದಿಗೇ ಬಂತು. ಸಖುಬಾಯಿಯವರು ಮನೆಯನ್ನು ಬುಡಮೇಲು ಮಾಡಿದರು. ಗೋಧಿ ತೊಳೆದು ಒಣಗಿಸಿ ಮನೆಯಲ್ಲೇ ಬೀಸಿದರು. ತವನಪ್ಪನವರಿಗೆ ಸಮಡೋಳಿಯ ಬಾವಿಯಿಂದ ನೀರು, ತಮ್ಮದೇ ಆಕಳ ಹಾಲು ತರುವ ಕೆಲಸ ಬಿತ್ತು. ಮಡಿಯಲ್ಲಿ ನಾಲ್ಕು ಜನವಾದರೂ ಬೇಕು. ಸಾಯಲಿಗೆ ಪರೀಕ್ಷೆ. ಹರ್ಷದಾ ರಜೆ ಹಾಕಬೇಕು ಎಂದಾಯಿತು.

"ಎಷ್ಟ ದಿನಾಂತ ರಜಾ ಹಾಕ್ಲಿರಿ? ಹಿಂದಿನ ಸಲ ನಾಕ ದಿನಾ ನಿಂತ್ವಿ, ಯಾರೂ ಬರಲಿಲ್ಲ. ರಜೆಯೊಳಗ ಪಗಾರ ಕತ್ತರಸ್ತಾರ."

"ನಿನಗ ಪಗಾರ ಕಾಣ್ತೈತಿ."

"ನಿಮಗ ಬೆಲ್ಲಾ ಕಾಣ್ತೈತಿ" ಎಂದುಬಿಟ್ಟಳು ಹರ್ಷದಾ. ಬಾಯಿ ತಪ್ಪಿ ಬಂದ ಮಾತು. ಸಖುಬಾಯಿಯವರು ಬೀಸುವ ಕಲ್ಲನ್ನು ತಿರುಗಿಸುತ್ತಲೇ ಇದ್ದರು. ಇನ್ನೊಂದು ಹಿಡಿ ಗೋಧಿ ಹಾಕಿ, "ನನಗ ಎಪ್ಪತ್ತ ದಾಟೇತಿ ಹರ್ಷದಾ. ಇನ್ನೊಂದ ಚಾತುರ್ಮಾಸ ನೋಡ್ತೇನೋ ಇಲ್ಲೋ" ಎಂದರು. ಹರ್ಷದಾ ಫೋನು ತೆಗೆದುಕೊಂಡು ಹೊರಗೆ ಹೋಗಿ ದವಾಖಾನೆಗೆ ಮಾತಾಡಿ ಬಂದಳು. ಬಂದವಳೇ ಬೀಸುವ ಕಲ್ಲಿನ ಇನ್ನೊಂದು ಕಡೆ ಕೂತು ಗೂಟ ಹಿಡಿದಳು. ಇಬ್ಬರೂ ಕೂಡಿ ಬೀಸಿದರು.

ಮೊದಲ ದಿನ ಮಹಾರಾಜರು ತ್ರಿಶಲಾಬಾಯಿಯ ಮನೆಗೆ ಹೋದರು. ಎರಡನೆಯ ದಿನ ಬೇರೆ ಓಣಿಗೆ. ಅಂದು ಸಂಜೆ ನೀಲೇಶ ಮಗಳನ್ನು ಕರೆದ. "ಬಾಗಲದ ನಂಬರ ಊರಿಗೆಲ್ಲಾ ಗೊತ್ತಾಗೇತಿ. ನಾಳೆ ಮಡಿ ಅಡಗೀ ಚೌಕದಾಗ ಬೆಳ್ಳಿ ಭಾಂಡೆ ಇಟ್ಟಿರ್ತೇವಿ. ನಂಬರ ಬದಲ ಮಾಡ."

"ಮಾಡಿನಿ ಬಾಬಾ. ಗ್ರೂಪ್‌ವರ ಟಾಕಲಯ್, ನೋಡ್ರಿ" ಎಂದಳು ಸಾಯಲಿ. ಮನೆಯ ವಾಟ್ಸಾಪ್ ಗುಂಪಿಗೆ ಹೊಸ ನಂಬರು ಹಾಕಿದ್ದಳು. ಗುಂಪನ್ನು ಯಾರೂ ತೆರೆದು ನೋಡಲಿಲ್ಲ. ನಸುಕಿನಲ್ಲೆದ್ದು ಮಡಿಯಾಗುವ ಧಾವಂತದಲ್ಲಿ ಎಲ್ಲರೂ ಫೋನುಗಳನ್ನು ಒಳಗೆ ಕಪಾಟಿನ ಮೇಲೆ ಸಾಲಾಗಿ ಇಟ್ಟರು. ಸಾಯಲಿ ಬೆಳಗ್ಗೆಯೇ ಪರೀಕ್ಷೆಗೆ ಹೋದಳು.

ಹೊತ್ತಾಯಿತು. ನಾಲ್ವರೂ ಮಡಿಯಲ್ಲಿ ಬಾಗಿಲ ಮುಂದೆ ನಿಂತರು. ಸಖುಬಾಯಿಯವರ ಕೈಯಲ್ಲಿ ಕಲಶ, ಮೇಲೆ ತೆಂಗಿನಕಾಯಿ. ಬಾಗಿಲು ತೆರೆದಿತ್ತು, ಬೆಲ್ಲದ ಪೆಂಟೆ ಅಡ್ಡ ಇತ್ತು. ಓಣಿಯ ಬಾಯಿಯಲ್ಲಿ ಜಯಕಾರ ಕೇಳಿಸಿತು. ಸಖುಬಾಯಿಯವರು ಹೊಸ್ತಿಲು ಸ್ವಚ್ಛವಿದೆಯೇ ಎಂದು ಕೊನೆಯ ಸಲ ತಿರುಗಿ ನೋಡಿದರು.

ಇರುವೆ. ರಾತ್ರಿ ಮಳೆಯ ತೇವಕ್ಕೆ ಬೆಲ್ಲ ಒಸರಿತ್ತು. ಪೆಂಟೆಯಿಂದ ಹೊಸ್ತಿಲ ಉದ್ದಕ್ಕೂ ಕರಿ ಇರುವೆಗಳ ಸಾಲು.

ಮಹಾರಾಜರು ಒಂದು ಇರುವೆಯ ಮೇಲೂ ಕಾಲಿಡುವವರಲ್ಲ, ಸಾಲು ಕಂಡರೆ ಹಾಗೆಯೇ ತಿರುಗಿ ಹೋಗುತ್ತಾರೆ. ಗುಡಿಸಿದರೆ ಇರುವೆ ಸಾಯುತ್ತವೆ, ತಮಗೇ ಪಾಪ. ಕಲಶವನ್ನು ಸೊಸೆಗೆ ಕೊಟ್ಟು, ಎರಡೂ ಕೈಯಿಂದ ಪೆಂಟೆಯನ್ನು ಮೆಲ್ಲಗೆ, ಇರುವೆಗಳ ಸಮೇತ, ಕೂಸನ್ನೆತ್ತಿದಂತೆ ಎತ್ತಿ ಅಂಗಳದ ಮೂಲೆಗೆ ಇಟ್ಟರು. ಉಳಿದ ಇರುವೆಗಳೂ ಬೆಲ್ಲದ ಹಿಂದೆಯೇ ಹೊರಟುಹೋದವು. ಹೊಸ್ತಿಲು ಸ್ವಚ್ಛವಾಯಿತು. ಕೈತೊಳೆದು ಬಂದು ಕಲಶ ಹಿಡಿದರು. ಹಿಂದೆ ಬಾಗಿಲು ತನ್ನಷ್ಟಕ್ಕೆ ಬಂದು ಕೂತದ್ದು ಯಾರಿಗೂ ಕೇಳಲಿಲ್ಲ, ಎಲ್ಲರೂ ಒಟ್ಟಿಗೆ ಕರೆಯುತ್ತಿದ್ದರು.

"ಹೇ ಸ್ವಾಮಿ, ನಮೋಸ್ತು, ನಮೋಸ್ತು, ನಮೋಸ್ತು. ಅತ್ರ ತಿಷ್ಠ, ತಿಷ್ಠ."

ಮಹಾರಾಜರು ಬಲಗೈ ಬೆರಳುಗಳನ್ನು ಕೂಡಿಸಿ ಹೆಗಲ ಮೇಲಿಟ್ಟುಕೊಂಡು, ಎಡಗೈಯಲ್ಲಿ ನವಿಲುಗರಿಯ ಪಿಂಛಿ ಹಿಡಿದು ಬಂದರು. ತ್ರಿಶಲಾಬಾಯಿಯ ಮನೆ ದಾಟಿತು. ಅದರ ಪಕ್ಕದ್ದು ದಾಟಿತು. ಎಲ್ಲ ಮನೆಗಳೂ ದಾಟಿದವು. ಕಟ್ಟಕಡೆಯ ಮನೆಯ ಮುಂದೆ ಬಂದು ಅವರು ನಿಂತರು.

ನಾಲ್ವರೂ ಮಹಾರಾಜರಿಗೆ ಮೂರು ಪ್ರದಕ್ಷಿಣೆ ಹಾಕಿದರು. ಮನಸ್ಸು ಶುದ್ಧ, ಮಾತು ಶುದ್ಧ, ಕಾಯ ಶುದ್ಧ, ಆಹಾರ ನೀರು ಶುದ್ಧ, ಮನೆಯೊಳಗೆ ದಯಮಾಡಬೇಕು ಎಂದು ಹೇಳಿ, ದಾರಿ ಬಿಟ್ಟು ತಿರುಗಿದರು.

ಬಾಗಿಲು ಮುಚ್ಚಿತ್ತು.

ನೀಲೇಶ ಬೆರಳು ಒತ್ತಿದ. ಮತ್ತೊಮ್ಮೆ ಪ್ರಯತ್ನಿಸಿ, ಎಂದಿತು ಕೀಲಿ. ನಸುಕಿನಿಂದ ನೀರಲ್ಲೇ ಇದ್ದ ಬೆರಳು. ಹರ್ಷದಾ ಒತ್ತಿದಳು. ಮತ್ತೊಮ್ಮೆ ಪ್ರಯತ್ನಿಸಿ. ತವನಪ್ಪನವರು ಮುಂದೆ ಬಂದು "ಇಪ್ಪತ್ನಾಕ" ಎಂದು ಗಟ್ಟಿಯಾಗಿ ಹೇಳುತ್ತ ಒತ್ತಿದರು.

"ಅಪ್ಪಾ, ನಂಬರ ಬದಲಾಗೇತಿ."

"ಎಷ್ಟ ಆಗೇತಿ?"

ನೀಲೇಶ ಹರ್ಷದಾಳ ಮುಖ ನೋಡಿದ, ಹರ್ಷದಾ ನೀಲೇಶನ ಮುಖ ನೋಡಿದಳು. ಫೋನುಗಳು ಒಳಗೆ ಕಪಾಟಿನ ಮೇಲೆ. ಸಾಯಲಿಯ ಫೋನು ಪರೀಕ್ಷೆಯ ಕೋಣೆಯ ಹೊರಗೆ, ಬಂದಾಗಿ. ನೀಲೇಶ ಮಗಳ ಹುಟ್ಟಿದ ದಿನ ಒತ್ತಿ ನೋಡಿದ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಹೇಳಿ ಕೀಲಿ ದೀಪ ಆರಿಸಿಕೊಂಡಿತು.

"ಅದರ ಕೂಡ ಆಪತ್ತಿಗೆ ಒಂದ ಚಾವಿ ಕೊಟ್ಟಿದ್ರಲ್ರಿ?" ಎಂದು ಪಿಸುಗುಟ್ಟಿದಳು ಹರ್ಷದಾ.

"ತಿಜೋರ್ಯಾಗ ಐತಿ."

"ತಿಜೋರಿ?"

ನೀಲೇಶ ಬಾಗಿಲ ಕಡೆ ಕೈ ತೋರಿಸಿದ.

ಮಹಾರಾಜರ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೆಗಲ ಮೇಲಿನ ಕೈ ಹಾಗೆಯೇ ಇತ್ತು. ಆ ಕೈ ಕೆಳಗಿಳಿದರೆ ಮುಗಿಯಿತು, ಅಂದಿಗೆ ಅವರು ಉಪವಾಸ. ಓಣಿಯ ಬಾಯಿಯಿಂದ ತ್ರಿಶಲಾಬಾಯಿಯ ಮನೆಯವರು ಇನ್ನೂ ಒಂದು ಆಸೆಯಿಂದ, ಮೊದಲಿಗಿಂತ ಗಟ್ಟಿಯಾಗಿ ಕರೆಯತೊಡಗಿದರು, "ಹೇ ಸ್ವಾಮಿ, ನಮೋಸ್ತು, ನಮೋಸ್ತು."

ಸಖುಬಾಯಿಯವರು ಕಲಶವನ್ನು ಹರ್ಷದಾಳ ಕೈಗೆ ಕೊಟ್ಟರು. "ಹಿಡಿ."

"ಎಲ್ಲಿಗೆ ಹೊಂಟೀರಿ, ಅತ್ತಿ?"

"ನಾ ದಿನಾ ಬರೂ ಹಾದೀಲೆ."

ಹಿತ್ತಲ ಬಾಗಿಲಿಗೆ ಒಳಗಿನಿಂದ ಹಳೆಯ ಮರದ ಅಗಳಿ. ಅದಕ್ಕೊಂದು ದಾರ ಕಟ್ಟಿ, ಗೋಡೆಯ ತೂತಿನಿಂದ ಹೊರಗೆ ತೂರಿಸಿ, ಇಟ್ಟಿಗೆಯ ಹಿಂದೆ ಮುಚ್ಚಿಟ್ಟಿದ್ದರು ಸಖುಬಾಯಿಯವರು. ದಾರ ಜಗ್ಗಿ, ಬಾಗಿಲ ಬುಡಕ್ಕೆ ಕಾಲಿನಿಂದ ಒಂದು ಕೊಟ್ಟರೆ ತೆರೆಯುತ್ತಿತ್ತು. ಹದಿನೆಂಟು ಸಾವಿರದ ಕೀಲಿ ಮುಂದೆ, ನೂಲಿನ ದಾರ ಹಿಂದೆ. ಈ ಒಂದೂವರೆ ತಿಂಗಳು ಅವರು ಮನೆಗೆ ಬಂದದ್ದು ಹಾಗೆ. ಆದರೆ ಅಲ್ಲಿಗೆ ಹೋಗುವ ಸಂದಿಯಲ್ಲಿ ಮೋರಿ ಇದೆ, ಚಪ್ಪಲಿಗಳಿವೆ, ಮುಸುರೆ ಪಾತ್ರೆಗಳಿವೆ. ಅಲ್ಲಿ ಹೊಕ್ಕು ಬಂದವರ ಮಡಿ ಕೆಟ್ಟಿತು. ಮಡಿ ಕೆಟ್ಟವರು ಮಹಾರಾಜರ ಕೈಗೆ ಒಂದು ತುತ್ತನ್ನೂ ಹಾಕುವಂತಿಲ್ಲ, ಅಡುಗೆಮನೆಗೆ ಕಾಲಿಡುವಂತಿಲ್ಲ.

ಹರ್ಷದಾಳಿಗೆ ಅದು ಥಟ್ಟನೆ ಹೊಳೆಯಿತು. "ನಾ ಹೋಗ್ತೇನ್ರಿ, ನೀವು ನಿಂದ್ರಿ. ನಿಮ್ಮ ಮಡಿ..."

"ನಿನಗ ದಾರ ಸಿಗೂದಿಲ್ಲ. ಹೇಳಕೋತ ನಿಂತ್ರ ಹೊತ್ತ ಹೋಗ್ತೈತಿ. ಮಡಿ ನಿನ್ನ ಮೈಮ್ಯಾಲ ಐತಲಾ, ಸಾಕು" ಎಂದು ಸಖುಬಾಯಿಯವರು ಸೀರೆ ಎತ್ತಿ ಕಟ್ಟಿ ಸಂದಿಗೆ ನುಗ್ಗಿದರು.

ಸಂದಿಗೆ ಅಡ್ಡವಾಗಿ ಸಾಯಲಿಯ ಜೀನ್ಸ್ ಪ್ಯಾಂಟು ಒಣಹಾಕಿತ್ತು, ಮಳೆಗೆ ನೆನೆದು ಭಾರವಾಗಿತ್ತು. ಅದರ ಎರಡೂ ಕಾಲು ಸಖುಬಾಯಿಯವರ ಮುಖಕ್ಕೆ ಬಡಿದವು. ಹನ್ನೊಂದು ವರ್ಷ ಕಾದ ಮಡಿ ಅಲ್ಲಿಗೆ ಮುಗಿಯಿತು. ಅಳು ಬಂತು, ಅಳಲು ಪುರುಸೊತ್ತಿರಲಿಲ್ಲ. ದಾರ ಜಗ್ಗಿ ಬಾಗಿಲಿಗೆ ಒದ್ದರು. ಅಡುಗೆಮನೆಯ ಕಡೆ ಸೆರಗೂ ತಾಗದಂತೆ ಗೋಡೆಗೆ ಒತ್ತಿಕೊಂಡು ಪಡಸಾಲೆಗೆ ಬಂದು ಮುಂಬಾಗಿಲ ಹಿಡಿಕೆ ತಿರುವಿದರು. ಹೊರಗೆ ಯಾರ ಬೆರಳನ್ನೂ ಒಲ್ಲದ ಕೀಲಿ, ಒಳಗಿನಿಂದ ಒಂದು ತಿರುವಿಗೆ ತೆರೆದು, ನಿಮಗೆ ಸ್ವಾಗತ ಎಂದಿತು.

ಮಹಾರಾಜರ ಕೈ ಇನ್ನೂ ಹೆಗಲ ಮೇಲೇ ಇತ್ತು.

ಅವರು ಒಳಗೆ ಬರುವಾಗ ಸಖುಬಾಯಿಯವರು ಯಾರಿಗೂ ಮೈ ತಾಗದಂತೆ ಬಾಗಿಲ ಹಿಂದೆ ಮುದುಡಿ ನಿಂತಿದ್ದರು. ಆಹಾರ ನಡೆಯಿತು. ನಿಂತೇ ಉಣ್ಣುವ ಮಹಾರಾಜರ ಬೊಗಸೆಗೆ ಹರ್ಷದಾ ಸಣ್ಣ ಸಣ್ಣ ತುತ್ತು ಹಾಕಿದಳು. ನೀಲೇಶ ಅವಸರದಲ್ಲಿ ಹಾಲು ಚೆಲ್ಲುವುದರಲ್ಲಿದ್ದ. ದಿನವಿಡೀ ಸೂಜಿ ಹಿಡಿಯುವ ಹರ್ಷದಾಳ ಕೈಯಿಂದ ಒಂದು ಹನಿಯೂ ಚೆಲ್ಲಲಿಲ್ಲ. ಪಡಸಾಲೆಯ ಮೂಲೆಯಿಂದ ಸಖುಬಾಯಿಯವರ ದನಿ ಮೆಲ್ಲಗೆ ಬರುತ್ತಿತ್ತು, "ಮೊದಲ ನೀರ ಹಾಕ... ಹಾಂ, ಈಗ ಹಾಲ... ಸಣ್ಣ ತುತ್ತ, ಹರ್ಷದಾ, ಇನ್ನೂ ಸಣ್ಣದು." ಯಾವ ವಿಘ್ನವೂ ಇಲ್ಲದೆ ಮುಗಿಯಿತು. ಹೋಗುವಾಗ ಮಹಾರಾಜರು ಬಾಗಿಲ ಬಳಿ ನಿಂತು, ಮೂಲೆಯಲ್ಲಿ ಕೈಮುಗಿದ ಮುದುಕಿಯ ಕಡೆಗೂ ಪಿಂಛಿ ಎತ್ತಿ ಆಶೀರ್ವದಿಸಿದರು. ಆಗ ಸಖುಬಾಯಿಯವರು ಮನಸಾರೆ ಅತ್ತರು.

ಓಣಿಯವರೆಲ್ಲ ಬಂದು ಸೇರಿದರು. ತ್ರಿಶಲಾಬಾಯಿ ಬಾಗಿಲನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು, "ಮಹಾರಾಜರ ಮನಸಿನಾಗ ಮುಚ್ಚಿದ ಬಾಗಲದ ಗುರ್ತಾನ ಇದ್ದೀತ ನೋಡ್ರಿ. ಇಲ್ಲಂದ್ರ ಅಷ್ಟೊತ್ತ ನಿಂದರ್ತಿದ್ರೇನು? ನೀಲೇಶ, ಆ ಕೀಲಿ ಎಲ್ಲಿ ತಗೊಂಡ್ಯಪ್ಪಾ?" ಮುಂದಿನ ವಾರ ಓಣಿಯ ಎರಡು ಮನೆಗಳಿಗೆ ಅಂಥದೇ ಕೀಲಿ ಬಂತು. ಮಹಾರಾಜರು ಬರುವ ಹೊತ್ತಿಗೆ ಅವರು ಬಾಗಿಲು ಹಾಕಿಕೊಂಡು ಹೊರಗೆ ನಿಲ್ಲತೊಡಗಿದರು. ಅವರ ಅದೃಷ್ಟ ಅವರಿಗೆ.

ಜನ ಹೋದ ಮೇಲೆ ಹರ್ಷದಾ ಅಂಗಳದ ಮೂಲೆಯ ಪೆಂಟೆಯನ್ನು ಒಡೆದಳು. ಇರುವೆ ಮುಟ್ಟದ ಒಳಗಿನ ತುಣುಕನ್ನು ತಾಟಿನಲ್ಲಿಟ್ಟು ತಂದು ಅತ್ತೆಯ ಮುಂದಿಟ್ಟಳು.

ಸಖುಬಾಯಿಯವರು ಮುಟ್ಟಲಿಲ್ಲ. "ನನ್ನ ಕೈಲೆ ಒಂದ ತುತ್ತೂ ಹಾಕಲಿಲ್ಲ. ನಿಯಮ ಮುಗೀತೋ ಇಲ್ಲೋ."

"ಮನ್ಯಾಗ ಆಗ್ಲಿ ಅಂದಿದ್ದಿ, ಕೈಲೆ ಅಂದಿದ್ದಿಲ್ಲ. ನಾ ಬಾಜೂಕ ನಿಂತಿದ್ದೆ" ಎಂದರು ತವನಪ್ಪನವರು.

"ನೀವು ಬಾಗಲಾ ತಗೀದಿದ್ರ ನಾ ಯಾರ ಕೈಗೆ ಹಾಕ್ತಿದ್ದೆ? ತಿನ್ರಿ" ಎಂದಳು ಹರ್ಷದಾ. ಅತ್ತೆ ಇನ್ನೂ ಕೈ ಚಾಚದ್ದು ಕಂಡು ತುಣುಕನ್ನು ತಾನೇ ಮುರಿದು ಅವರ ಬಾಯಿಗೆ ಹಿಡಿದಳು.

ಸಖುಬಾಯಿಯವರು ಕಣ್ಣು ಮುಚ್ಚಿ ಬೆಲ್ಲ ಚಪ್ಪರಿಸಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತ ಕೂತರು. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು ಮಗನನ್ನು ನೋಡಿದರು.

"ನೀಲೇಶ, ಉಪ್ಪುಪ್ಪ ಐತಲ್ಲೋ. ಇಂಥಾ ಮಾಲ ಮಾರ್ತೀ ಏನ್ ನೀನು?"

"ಅದು ಬಾಗಲಕ್ಕ ಇಡಾಕ ತಂದಿದ್ದವಾ" ಎಂದ ನೀಲೇಶ. ಆದರೂ ಅವರು ಇನ್ನೊಂದು ತುಣುಕು ಮುರಿದುಕೊಂಡರು.

ಸಂಜೆ ಹೊತ್ತು ಮುಳುಗುವ ಮುಂಚೆ ಎಲ್ಲರೂ ಒಟ್ಟಿಗೆ ಉಂಡರು, ಪರೀಕ್ಷೆ ಮುಗಿಸಿ ಬಂದು ಎಲ್ಲರಿಂದ ಬೈಸಿಕೊಂಡ ಸಾಯಲಿಯೂ. ಊಟವಾದ ಮೇಲೆ, ಇನ್ನೂ ಹೊತ್ತಿರುವಾಗಲೇ, ನೀಲೇಶ ಸುತ್ತಿಗೆ, ಮೊಳೆ ಹಿಡಿದು ಹಿತ್ತಲ ಬಾಗಿಲಿಗೆ ಹೊರಟ. "ದಾರಲೆ ತೆರಿಯೂ ಬಾಗಲಾ ಇಟ್ಕೊಂಡ ನಾ ಕೀಲಿಗೆ ರೊಕ್ಕಾ ಸುರದೇನಿ. ಅವ್ವಾ, ನಾಳೆಯಿಂದ ನೀನೂ ಬೆರಳ ಕೊಡ."

ಹರ್ಷದಾ ಅವನ ಕೈಯಿಂದ ಸುತ್ತಿಗೆ ಇಸಿದುಕೊಂಡಳು. "ದಾರಾ ಇರ್ಲಿ ಬಿಡ್ರಿ. ಬೆರಳನೂ ಕೊಡ್ತಾರ. ಬರ್ರಿ ಅತ್ತಿ."

ಯಾಕೋ ಸಖುಬಾಯಿಯವರು ಹಟ ಮಾಡಲಿಲ್ಲ. ಮುಂಬಾಗಿಲಿಗೆ ಬಂದು, ಸಾಯಲಿ ತೋರಿಸಿದಲ್ಲಿ ಬಲಗೈ ಹೆಬ್ಬೆರಳು ಇಟ್ಟರು. ದಯವಿಟ್ಟು ಬೆರಳನ್ನು ಸ್ವಚ್ಛವಾಗಿ ಒರೆಸಿ ಇಡಿ, ಎಂದಿತು ಕೀಲಿ. ಊಟದ ಮೇಲೆ ಕದ್ದು ತಿಂದ ಬೆಲ್ಲ ಇನ್ನೂ ಅಂಟಂಟಾಗಿ ಹೆಬ್ಬೆರಳಿನಲ್ಲಿತ್ತು. ಅವರು ಬೆರಳನ್ನು ನೋಡಿದರು, ಕೀಲಿಯನ್ನು ನೋಡಿದರು, ಬೆರಳನ್ನು ಬಾಯಲ್ಲಿಟ್ಟುಕೊಂಡರು.

"ಇದರ ಮಾತ ಕೇಳಾಕ ನನಗ ಆಗೂದಿಲ್ಲ. ಹರ್ಷದಾ, ಬಾ. ದಾರ ಎಲ್ಲೈತಿ ನಿನಗ ತೋರಸ್ತೇನಿ. ಮತ್ತ ಯಾರಿಗೂ ಹೇಳಬ್ಯಾಡ" ಎಂದು ಸೊಸೆಯ ಕೈ ಹಿಡಿದು, ಎಲ್ಲರ ಕಣ್ಣೆದುರೇ, ಸಂದಿಯ ಕಡೆ ಕರೆದುಕೊಂಡು ಹೋದರು.